ಗಾಜಿನ ತಟ್ಟೆಯಲ್ಲಿ ಮಿಡಿದ ಸ್ನಾಯು

ಆರು ವರ್ಷಗಳ ಹಿಂದಿನ ಮಾತು. ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದಾಗ, ಒಂದು ಸಂಜೆ ರೈತ ಕುಟುಂಬವೊಂದನ್ನು ಸಂದರ್ಶಿಸಲು ಹೋದೆ. ಏಳು ವರ್ಷದ ಬಾಲಕ ಜಗಲಿಯಲ್ಲಿ ಕುಳಿತು ಗೋಲಿಯಾಡುತ್ತಿದ್ದ. ನನ್ನನ್ನು ಕಂಡವನೇ ಎದ್ದು ನಿಲ್ಲಲು ಹೊರಟ. ಅವನು ಎದ್ದ ರೀತಿ ಬೇರೆ ಮಕ್ಕಳಂತಿರಲಿಲ್ಲ. ಮೊದಲು ಬೋರಲಾಗಿ ಕೈಕಾಲುಗಳನ್ನು ನೆಲಕ್ಕೂರಿದ. ಸೊಂಟವನ್ನು ಮೇಲೆತ್ತಿದ. ಬಳಿಕ ಒಂದು ಕೈಯನ್ನು ಮೊಣಕಾಲಿನ ಮೇಲಿಟ್ಟು, ಇನ್ನೊಂದನ್ನು ತೊಡೆಗೆ ಒತ್ತಿ, ತನ್ನ ಕಾಲುಗಳನ್ನೇ ಏಣಿಯಂತೆ ಹತ್ತುತ್ತ ಮೆಲ್ಲನೆ ನೆಟ್ಟಗಾದ. ಅವನ ಮೀನಖಂಡಗಳು ಮಾತ್ರ ಕುಸ್ತಿಪಟುವಿನವುಗಳಂತೆ ತುಂಬಿಕೊಂಡಿದ್ದವು. “ನೋಡಿ ಫಾದರ್, ಕಾಲು ಇಷ್ಟು ದಪ್ಪಗಿದೆ, ಶಕ್ತಿ ಮಾತ್ರ ಇಲ್ಲ” ಎಂದು ತಾಯಿ ಕಣ್ಣೊರೆಸಿಕೊಂಡರು.

ರೋಗದ ಹೆಸರನ್ನು ವೈದ್ಯರು ಆಗಲೇ ತಿಳಿಸಿದ್ದರು: ಡುಶೆನ್ ಸ್ನಾಯುಕ್ಷಯ. ಮದ್ದಿಲ್ಲವೆಂದೂ ಹೇಳಿದ್ದರು. ಅಷ್ಟರಲ್ಲಿ ನಗರದ ಖಾಸಗಿ ಚಿಕಿತ್ಸಾಲಯವೊಂದು ‘ಸ್ಟೆಮ್ ಸೆಲ್’ ಚುಚ್ಚುಮದ್ದು ನೀಡಿ ಹುಡುಗನನ್ನು ನಡೆಸುವುದಾಗಿ ಭರವಸೆ ಕೊಟ್ಟು, ಲಕ್ಷಗಳ ಲೆಕ್ಕವನ್ನೂ ಬರೆದುಕೊಟ್ಟಿತ್ತು. ತಂದೆ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಕೇಳಿದ ಪ್ರಶ್ನೆ ಒಂದೇ: “ಇರೋದು ಎರಡು ಎಕರೆ, ಫಾದರ್. ಮಾರಿದ್ರೆ ಆ ಚಿಕಿತ್ಸೆಗೆ ಆಗುತ್ತೆ. ಮಾರ್ಲಾ?”

ಗುರುಮಠದಲ್ಲಿ ನಾನು ಕಲಿತದ್ದು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಈ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಎರಡು ವಾರ ಕಾಲಾವಕಾಶ ಕೇಳಿದೆ. ಬಲ್ಲ ವೈದ್ಯರನ್ನು ವಿಚಾರಿಸಿದೆ, ಓದಿದೆ. ಆಗ ನನ್ನ ಮುಂದೆ ತೆರೆದುಕೊಂಡದ್ದು ಒಂದು ದೀರ್ಘ ಚರಿತ್ರೆ. ಮನುಷ್ಯನ ಆಕರಕೋಶವನ್ನು ಸ್ನಾಯುವಿನ ಕೋಶವನ್ನಾಗಿ ಬೆಳೆಸಲು ವಿಜ್ಞಾನಿಗಳು ಏಕೆ ಹೊರಟರು, ಹೇಗೆ ಸಾಧಿಸಿದರು, ಅದರಿಂದ ದೊರೆತದ್ದೇನು, ಇನ್ನೂ ದೊರೆಯದಿರುವುದೇನು ಎಂಬ ಚರಿತ್ರೆ ಅದು. ಇಂಥ ಪ್ರಶ್ನೆ ನಮ್ಮ ಯಾವ ಮನೆಯ ಬಾಗಿಲನ್ನಾದರೂ ತಟ್ಟಬಹುದು. ಆದ್ದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಇಬ್ಬರು ವೈದ್ಯರು ಕಂಡದ್ದು

1851ರ ಡಿಸೆಂಬರ್ ತಿಂಗಳಲ್ಲಿ ಎಡ್ವರ್ಡ್ ಮೆರ್ಯನ್ ಎಂಬ ವೈದ್ಯರು ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಪ್ರಬಂಧ ಓದಿದರು. ಒಂದೇ ಮನೆಯ ಗಂಡುಮಕ್ಕಳು ಒಬ್ಬರ ಹಿಂದೊಬ್ಬರಂತೆ ನಡೆಯುವ ಶಕ್ತಿ ಕಳೆದುಕೊಳ್ಳುತ್ತಿರುವುದನ್ನೂ ಅವರ ಅಕ್ಕತಂಗಿಯರು ಆರೋಗ್ಯವಾಗಿರುವುದನ್ನೂ ಅವರು ಗಮನಿಸಿದ್ದರು. ಇದು ನರಗಳ ರೋಗವಿರಬೇಕೆಂದು ಎಲ್ಲರೂ ಊಹಿಸುತ್ತಿದ್ದ ಕಾಲ ಅದು. ತೀರಿಕೊಂಡ ಬಾಲಕನೊಬ್ಬನ ಬೆನ್ನುಹುರಿಯನ್ನು ಪರೀಕ್ಷಿಸಿದ ಮೆರ್ಯನ್ ಅಲ್ಲಿ ಯಾವ ದೋಷವನ್ನೂ ಕಾಣಲಿಲ್ಲ. ದೋಷವಿದ್ದದ್ದು ಸ್ನಾಯುವಿನಲ್ಲೇ. ಸ್ನಾಯುವಿನ ಎಳೆಗಳನ್ನು ಸುತ್ತುವರಿದ ಪೊರೆ ಒಡೆದು ಹಾಳಾಗಿತ್ತು. ಅವರ ಈ ಮಾತು ಎಷ್ಟು ನಿಜವೆಂಬುದು ತಿಳಿಯಲು ಇನ್ನೂ 136 ವರ್ಷ ಬೇಕಾಯಿತು.

ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಗಿಯೋಮ್ ಡುಶೆನ್ ಎಂಬ ಇನ್ನೊಬ್ಬ ವೈದ್ಯರಿದ್ದರು. ಸಮುದ್ರಯಾನಿಗಳ ಮನೆತನದಲ್ಲಿ 1806ರಲ್ಲಿ ಹುಟ್ಟಿದವರು. ಯಾವ ದೊಡ್ಡ ಆಸ್ಪತ್ರೆಯಲ್ಲೂ ಅವರಿಗೆ ಹುದ್ದೆಯಿರಲಿಲ್ಲ. ವಿದ್ಯುತ್ ಹರಿಸುವ ಸಣ್ಣ ಯಂತ್ರವನ್ನು ಜೊತೆಗೊಯ್ಯುತ್ತ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದರು. ರೋಗಿಯ ಚರ್ಮದ ಮೇಲಿಂದ ಒಂದೊಂದೇ ಸ್ನಾಯುವಿಗೆ ವಿದ್ಯುತ್ತಿನ ಸ್ಪರ್ಶ ಕೊಟ್ಟು, ಅದು ಮಿಡಿಯುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಜೀವಂತ ರೋಗಿಯಿಂದಲೇ ಸ್ನಾಯುವಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಲು ಒಂದು ಸೂಜಿಯನ್ನೂ ರೂಪಿಸಿದರು. 1868ರಲ್ಲಿ 13 ರೋಗಿಗಳ ವಿವರಗಳೊಡನೆ ಅವರು ಪ್ರಕಟಿಸಿದ ಅಧ್ಯಯನದಿಂದಾಗಿ ಈ ರೋಗಕ್ಕೆ ಅವರ ಹೆಸರೇ ನಿಂತಿತು. ಉಬ್ಬಿದ ಮೀನಖಂಡದೊಳಗೆ ಇರುವುದು ಸ್ನಾಯುವಲ್ಲ, ಸ್ನಾಯು ಸತ್ತ ಜಾಗದಲ್ಲಿ ತುಂಬಿಕೊಂಡ ಕೊಬ್ಬು ಮತ್ತು ನಾರು ಎಂಬುದು ಇಂಥ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ತೊಡೆಗೆ ಕೈಯೂರಿ ಮೇಲೇಳುವ ರೀತಿಯನ್ನು 1879ರಲ್ಲಿ ಲಂಡನ್ನಿನ ವಿಲಿಯಂ ಗವರ್ಸ್ ವಿವರಿಸಿದರು. ಆ ಹಳ್ಳಿಯ ಜಗಲಿಯಲ್ಲಿ ನಾನು ಕಂಡದ್ದು ಅದನ್ನೇ.

ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಈ ರೋಗ ತಗಲುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ಗಾಲಿಕುರ್ಚಿ ಅನಿವಾರ್ಯವಾಗುತ್ತದೆ. ಕಡೆಗೆ ಉಸಿರಾಟದ ಸ್ನಾಯುಗಳೂ ಹೃದಯವೂ ಸೋಲುತ್ತವೆ. ದೋಷವಿರುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಅದು ತಾಯಿಯ ಮೂಲಕ ಮಗನಿಗೆ ಬರುತ್ತದೆ. ಇದನ್ನೇ ಹಿಡಿದು ಸೊಸೆಯರನ್ನು ಹಳಿಯುವ ಮನೆಗಳುಂಟು. ಆದರೆ ಸುಮಾರು ಮೂರರಲ್ಲೊಂದು ಪಾಲು ಪ್ರಕರಣಗಳಲ್ಲಿ ತಾಯಿಯಲ್ಲಿ ಆ ದೋಷವೇ ಇರುವುದಿಲ್ಲ. ಅದು ಮಗುವಿನಲ್ಲಿ ಹೊಸದಾಗಿ ಉಂಟಾಗಿರುತ್ತದೆ. ತಾಯಿಯಿಂದ ಬಂದಿದ್ದರೂ ಅದು ಅವಳ ತಪ್ಪಲ್ಲ. ತನ್ನ ವಂಶವಾಹಿಗಳನ್ನು ಆರಿಸಿಕೊಂಡು ಹುಟ್ಟಿದವರು ನಮ್ಮಲ್ಲಿ ಯಾರಿದ್ದಾರೆ?

ಒಂದೇ ಸಂಚಿಕೆ, ಎರಡು ಲೇಖನ

ನಮ್ಮ ಸ್ನಾಯು ದಿನವೂ ಅಷ್ಟಿಷ್ಟು ಸವೆಯುತ್ತದೆ, ದಿನವೂ ದುರಸ್ತಿಯಾಗುತ್ತದೆ. ಈ ದುರಸ್ತಿ ಮಾಡುವವರು ಯಾರೆಂಬುದು 1961ರವರೆಗೆ ಗೊತ್ತಿರಲಿಲ್ಲ. ಆ ವರ್ಷ ನ್ಯೂಯಾರ್ಕಿನ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಸ್ನಾಯುವಿನ ಎಳೆಗೆ ಅಂಟಿಕೊಂಡು ಮಲಗಿದ್ದ ಪುಟ್ಟ ಕೋಶಗಳನ್ನು ಕಂಡರು. ಗ್ರಹದ ಪಕ್ಕದ ಉಪಗ್ರಹದಂತೆ ಕಂಡದ್ದರಿಂದ ಅವುಗಳಿಗೆ ‘ಉಪಗ್ರಹ ಕೋಶ’ ಎಂದು ಹೆಸರಿಟ್ಟರು. ಇವೇ ಸ್ನಾಯುವಿನ ಆಕರಕೋಶಗಳು. ತಾನು ಉಳಿದುಕೊಂಡೇ ಬೇರೆ ಬಗೆಯ ಕೋಶಗಳಿಗೆ ಜನ್ಮ ಕೊಡಬಲ್ಲ ಕೋಶವನ್ನು ಆಕರಕೋಶ, ಅಂದರೆ ಸ್ಟೆಮ್ ಸೆಲ್, ಎನ್ನುತ್ತಾರೆ. ಸ್ನಾಯುವಿಗೆ ಪೆಟ್ಟು ಬಿದ್ದಾಗ ಈ ಕೋಶಗಳು ಎಚ್ಚೆತ್ತು, ಇಬ್ಭಾಗವಾಗುತ್ತ ಹೆಚ್ಚಿ, ಹೊಸ ಎಳೆಗಳನ್ನು ಕಟ್ಟುತ್ತವೆ. ಕೆಲವು ಮತ್ತೆ ನಿದ್ದೆಗೆ ಮರಳಿ ಮುಂದಿನ ಕರೆಗೆ ಕಾಯುತ್ತವೆ. ಅವು ಹೇಗೆ ನಿದ್ರಿಸುತ್ತವೆ, ಹೇಗೆ ಏಳುತ್ತವೆ ಎಂಬುದನ್ನು ಹೈದರಾಬಾದ್ ಮತ್ತು ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ವರ್ಷಗಟ್ಟಲೆ ಅಭ್ಯಸಿಸಿದವರಲ್ಲಿ ನಮ್ಮ ದೇಶದವರೇ ಆದ ಡಾ. ಜ್ಯೋತ್ಸ್ನಾ ಧವನ್ ಒಬ್ಬರು.

ಹೀಗೆ ದುರಸ್ತಿಗಾರರಿದ್ದರೂ ಡುಶೆನ್ ರೋಗಿಯ ಸ್ನಾಯು ಏಕೆ ನಶಿಸುತ್ತದೆ? ಉತ್ತರ ಬಂದದ್ದು 1987ರಲ್ಲಿ. ಬೋಸ್ಟನ್ನಿನ ಲೂಯಿ ಕುಂಕೆಲ್ ಮತ್ತು ಸಂಗಡಿಗರು ಈ ರೋಗದ ವಂಶವಾಹಿಯ ಜಾಡು ಹಿಡಿದು, ಅದು ತಯಾರಿಸಬೇಕಿದ್ದ ಪ್ರೋಟೀನನ್ನು ಪತ್ತೆಹಚ್ಚಿ ‘ಡಿಸ್ಟ್ರೋಫಿನ್’ ಎಂದು ಕರೆದರು. ಮನುಷ್ಯನ ವಂಶವಾಹಿಗಳಲ್ಲಿ ಅತಿ ಉದ್ದನೆಯವುಗಳಲ್ಲಿ ಇದೂ ಒಂದು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಬರಹ. ಬರಹ ಉದ್ದವಾದಷ್ಟೂ ತಪ್ಪು ನುಸುಳುವ ಸಂಭವ ಹೆಚ್ಚು. ಸ್ನಾಯುವಿನ ಎಳೆ ಸಂಕುಚಿಸುವಾಗ ಅದರ ಪೊರೆ ಹರಿಯದಂತೆ ಒಳಗಿನಿಂದ ಹಿಡಿದಿಡುವುದು ಡಿಸ್ಟ್ರೋಫಿನ್ನಿನ ಕೆಲಸ. ಅದಿಲ್ಲದಿದ್ದರೆ ಪ್ರತಿ ಚಲನೆಗೂ ಪೊರೆ ಹರಿಯುತ್ತದೆ. ಮೆರ್ಯನ್ ಕಂಡಿದ್ದ ಒಡೆದ ಪೊರೆ ಇದೇ. ದುರಸ್ತಿಗಾರರು ಮತ್ತೆ ಮತ್ತೆ ಎದ್ದು ದುಡಿಯುತ್ತಾರೆ, ಆದರೆ ಅವರು ಕಟ್ಟುವ ಹೊಸ ಎಳೆಗೂ ಅದೇ ದೋಷ. ಸವೆತದ ವೇಗಕ್ಕೆ ದುರಸ್ತಿ ಸಾಟಿಯಾಗದೆ ಸೋಲುತ್ತದೆ.

ಕುಂಕೆಲ್ ತಂಡದ ಲೇಖನ ‘ಸೆಲ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದದ್ದು 1987ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಮುನ್ನಾದಿನ. ಅದೇ ಸಂಚಿಕೆಯಲ್ಲಿ ಮತ್ತೊಂದು ಲೇಖನವಿತ್ತು. ಸಿಯಾಟಲ್ಲಿನ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಸಹೋದ್ಯೋಗಿಗಳು, ಸ್ನಾಯುವಿಗೆ ಸಂಬಂಧವೇ ಇಲ್ಲದ ಇಲಿಯ ಕೋಶಗಳೊಳಗೆ ‘ಮಯೋಡಿ’ ಎಂಬ ಒಂದೇ ಒಂದು ವಂಶವಾಹಿಯನ್ನು ಚುರುಕುಗೊಳಿಸಿ ಅವನ್ನು ಸ್ನಾಯುಕೋಶಗಳನ್ನಾಗಿ ಮಾರ್ಪಡಿಸಿದ್ದರು. ಒಮ್ಮೆ ಒಂದು ಬಗೆಯಾಗಿ ರೂಪುಗೊಂಡ ಕೋಶ ಕಡೆತನಕ ಹಾಗೆಯೇ ಇರಬೇಕೆಂಬ ನಂಬಿಕೆ ಅಲ್ಲಿ ಅಲುಗಾಡಿತು. ವೈನ್‌ಟ್ರಾಬ್ 1995ರಲ್ಲಿ, 49ರ ವಯಸ್ಸಿನಲ್ಲೇ, ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ರೋಗದ ಮೂಲ ಮತ್ತು ಸ್ನಾಯು ಮೂಡಿಸುವ ಕೀಲಿ, ಎರಡೂ ಒಂದೇ ಹೊದಿಕೆಯೊಳಗೆ ಮನೆಮನೆಗೆ ಬಂದಿದ್ದವು. ಅವೆರಡನ್ನೂ ಒಂದೆಡೆ ಸೇರಿಸುವ ದಾರಿ ಮಾತ್ರ ಇನ್ನೂ ಯಾರಿಗೂ ಹೊಳೆದಿರಲಿಲ್ಲ.

ರೋಗಿಯ ಸ್ನಾಯುವೇ ಏಕೆ ಬೇಕು?

ದೋಷ ತಿಳಿದ ಮೇಲೆ ಆರೋಗ್ಯವಂತರ ಸ್ನಾಯುಕೋಶಗಳನ್ನು ರೋಗಿಗೆ ಚುಚ್ಚಿದರಾಗದೇ ಎಂದು ನೀವು ಕೇಳಬಹುದು. 1990ರ ದಶಕದ ಆರಂಭದಲ್ಲಿ ಅದನ್ನು ಮಾಡಿಯೂ ನೋಡಿದರು. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಬೇಗನೆ ಸತ್ತವು. ಉಳಿದವು ಸೂಜಿ ಹೋದ ಜಾಗ ಬಿಟ್ಟು ಕದಲಲಿಲ್ಲ. ಮಕ್ಕಳ ಶಕ್ತಿ ಮರಳಲಿಲ್ಲ. ಇಂದಿಗೂ ಹಣ ಕೀಳುವವರು ಹೊಸದೆಂಬಂತೆ ಮಾರುವ ‘ಚುಚ್ಚುಮದ್ದು’ ಎಂಬ ಕಲ್ಪನೆಗೆ ಅಂದಿನ ಈ ಸೋಲು ನೆನಪಿರಬೇಕಿತ್ತು.

ಹಾಗಾದರೆ ಮೊದಲು ರೋಗವನ್ನು ಇನ್ನೂ ಆಳವಾಗಿ ಅರಿಯಬೇಕು, ಔಷಧಗಳನ್ನು ಮಕ್ಕಳ ಮೇಲಲ್ಲದೆ ಬೇರೆಡೆ ಪರೀಕ್ಷಿಸಬೇಕು. ಎಲ್ಲಿ? 1984ರಲ್ಲಿ ಗುರುತಿಸಲಾದ ಒಂದು ಇಲಿಯ ತಳಿಯಲ್ಲಿ ಡಿಸ್ಟ್ರೋಫಿನ್ ಇಲ್ಲ. ಆದರೂ ಆ ಇಲಿಗಳು ಬಹುಮಟ್ಟಿಗೆ ಆರಾಮವಾಗಿ ಓಡಾಡಿಕೊಂಡಿರುತ್ತವೆ. ಇಲಿಯಲ್ಲಿ ಗೆದ್ದ ಮದ್ದು ಮನುಷ್ಯನಲ್ಲಿ ಗೆಲ್ಲುವುದೆಂಬ ಖಾತ್ರಿಯಿಲ್ಲ. ಮಕ್ಕಳ ಮೈಯಿಂದ ಪದೇಪದೇ ಸ್ನಾಯು ಕತ್ತರಿಸುವುದು ಕ್ರೌರ್ಯ. ಕತ್ತರಿಸಿ ತೆಗೆದ ಉಪಗ್ರಹ ಕೋಶಗಳೂ ಮೈಯ ಹೊರಗೆ ಬೇಗ ತಮ್ಮ ಗುಣ ಕಳೆದುಕೊಳ್ಳುತ್ತವೆ. ಆದ್ದರಿಂದ ರೋಗಿಯದೇ ವಂಶವಾಹಿ ಹೊತ್ತ ಮನುಷ್ಯ ಸ್ನಾಯುವನ್ನು ಬೇಕಾದಷ್ಟು ಬೆಳೆಸಿಕೊಳ್ಳಲು, ಎಂದೂ ಬತ್ತದ ಒಂದು ಆಕರ ಬೇಕಿತ್ತು.

ಭ್ರೂಣದ ಪ್ರಶ್ನೆ

ಅಂಥ ಆಕರ 1998ರ ನವೆಂಬರಿನಲ್ಲಿ ದೊರೆಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್, ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಉಳಿದಿದ್ದ ಕೆಲವೇ ದಿನಗಳ ಮಾನವ ಭ್ರೂಣಗಳಿಂದ ಆಕರಕೋಶಗಳನ್ನು ತೆಗೆದು ಬೆಳೆಸಿದರು. ದೇಹದ ಯಾವ ಕೋಶವಾಗಿಯಾದರೂ ಅರಳಬಲ್ಲ ಸಾಮರ್ಥ್ಯ ಅವಕ್ಕಿತ್ತು. ಆದರೆ ಅವನ್ನು ತೆಗೆಯುವಾಗ ಭ್ರೂಣ ನಾಶವಾಗುತ್ತದೆ.

ಇಲ್ಲಿ ಧರ್ಮಸಭೆ ಮೌನವಾಗಿರಲಿಲ್ಲ. 1987ರ ಫೆಬ್ರವರಿ 22ರಂದೇ, ಮೇಲೆ ಹೇಳಿದ ಎರಡು ಲೇಖನಗಳಿಗೂ ಹತ್ತು ತಿಂಗಳು ಮೊದಲು, ‘ದೋನುಂ ವಿತೇ’ ಎಂಬ ಬೋಧನಾಪತ್ರದಲ್ಲಿ ಅದು ತನ್ನ ನಿಲುವನ್ನು ತಿಳಿಸಿತ್ತು. ಗರ್ಭಾಂಕುರವಾದ ಕ್ಷಣದಿಂದಲೇ ಮನುಷ್ಯನನ್ನು ವ್ಯಕ್ತಿಯಂತೆ ಗೌರವಿಸಬೇಕು, ಆತನನ್ನು ಮತ್ತೊಬ್ಬರ ಉಪಯೋಗದ ವಸ್ತುವಾಗಿಸಬಾರದು ಎಂಬುದು ಅದರ ಸಾರ. 2000ದ ಆಗಸ್ಟ್ 29ರಂದು ರೋಮಿನಲ್ಲಿ ಅಂಗಾಂಗ ಕಸಿ ತಜ್ಞರ ವಿಶ್ವ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ಎರಡನೇ ಜಾನ್ ಪಾಲರು, ಭ್ರೂಣವನ್ನು ನಾಶಮಾಡುವ ವಿಧಾನವನ್ನು ನಿರಾಕರಿಸಿದರು. ಜೊತೆಗೇ ವಯಸ್ಕರ ದೇಹದಿಂದ ಪಡೆಯುವ ಆಕರಕೋಶಗಳ ದಾರಿಯಲ್ಲಿ ಮುಂದುವರಿಯಿರಿ ಎಂದು ವಿಜ್ಞಾನಿಗಳನ್ನು ಕೇಳಿಕೊಂಡರು.

ಆ ದಿನಗಳಲ್ಲಿ ಧರ್ಮಸಭೆ ರೋಗಿಗಳ ಶತ್ರು, ವಿಜ್ಞಾನದ ಶತ್ರು ಎಂಬ ಆರೋಪ ಎಷ್ಟೋ ಕಡೆ ಕೇಳಿಬಂತು. ಆ ಆರೋಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಣ್ಣೆದುರೇ ಸೋಲುತ್ತಿರುವ ಮಗನನ್ನು ಎತ್ತಿಕೊಂಡ ತಂದೆಗೆ ‘ಆ ದಾರಿ ಬೇಡ’ ಎಂದು ಹೇಳುವುದು ಸುಲಭದ ಮಾತಲ್ಲ. ಹಾಗೆ ಹೇಳುವವರು ಆ ತಂದೆಯ ಜೊತೆ ಬೇರೆ ದಾರಿಯನ್ನು ಹುಡುಕಲೂಬೇಕು. ಬೇರೆ ದಾರಿ ಸಿಕ್ಕಿದ್ದು ನಾವು ಯಾರೂ ನಿರೀಕ್ಷಿಸದಿದ್ದ ಕಡೆಯಿಂದ.

ಕ್ಯೋಟೋದ ವೈದ್ಯ

ಶಿನ್ಯಾ ಯಮನಾಕ 1962ರಲ್ಲಿ ಜಪಾನಿನ ಒಸಾಕದಲ್ಲಿ ಹುಟ್ಟಿದರು. ತಂದೆಗೆ ಹೊಲಿಗೆಯಂತ್ರದ ಬಿಡಿಭಾಗಗಳ ಸಣ್ಣ ಕಾರ್ಖಾನೆಯಿತ್ತು. ಮಗ ಮೂಳೆ ಶಸ್ತ್ರವೈದ್ಯನಾಗಲು ಹೊರಟ, ಆದರೆ ಶಸ್ತ್ರಕ್ರಿಯೆಯಲ್ಲಿ ಬಹಳ ನಿಧಾನ. ಜಪಾನಿ ಭಾಷೆಯಲ್ಲಿ ‘ಜಾಮ’ ಎಂದರೆ ಅಡಚಣೆ. ಹಿರಿಯ ವೈದ್ಯರು ಅವರನ್ನು ‘ಜಾಮನಾಕ’ ಎಂದು ಹಂಗಿಸುತ್ತಿದ್ದರಂತೆ. ಅವರು ಎಳೆಯ ವೈದ್ಯರಾಗಿದ್ದಾಗಲೇ ತಂದೆ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು. ಶಸ್ತ್ರವೈದ್ಯರ ಕೈಗೆ ಸಿಗದ ರೋಗಗಳಿಗೆ ಸಂಶೋಧನೆಯೇ ದಾರಿಯೆಂದು ಅವರು ಪ್ರಯೋಗಶಾಲೆಗೆ ಬಂದರು.

ಒಮ್ಮೆ ಸ್ನೇಹಿತರ ಚಿಕಿತ್ಸಾಲಯದಲ್ಲಿ ಅವರು ಮಾನವ ಭ್ರೂಣವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದಕ್ಕೂ ತಮ್ಮ ಹೆಣ್ಣುಮಕ್ಕಳಿಗೂ ಇರುವ ಅಂತರ ಎಷ್ಟು ಅಲ್ಪವೆಂದು ಅವರಿಗೆ ಆಗ ಅನಿಸಿತು. ಸಂಶೋಧನೆಗಾಗಿ ಭ್ರೂಣಗಳನ್ನು ನಾಶಮಾಡುತ್ತ ಹೋಗುವಂತಿಲ್ಲ, ಬೇರೆ ದಾರಿ ಇರಲೇಬೇಕು ಎಂದುಕೊಂಡರು. ಇದನ್ನು ಅವರೇ ಮುಂದೆ ಪತ್ರಿಕೆಗೆ ಹೇಳಿಕೊಂಡಿದ್ದಾರೆ. ಅವರು ಕ್ರೈಸ್ತರಾಗಿ ಈ ಮಾತು ಹೇಳಲಿಲ್ಲ, ತಂದೆಯಾಗಿ ಹೇಳಿದರು.

ಬ್ರಿಟನ್ನಿನ ಜಾನ್ ಗರ್ಡನ್ 1962ರಲ್ಲೇ ಕಪ್ಪೆಮರಿಯ ಕರುಳಿನ ಕೋಶಕೇಂದ್ರವನ್ನು ಮೊಟ್ಟೆಯೊಳಗಿಟ್ಟು ಹೊಸ ಜೀವಿಯನ್ನು ಬೆಳೆಸಿ, ಬೆಳೆದ ಕೋಶವೂ ಆರಂಭದ ಸ್ಥಿತಿಗೆ ಮರಳಬಲ್ಲದೆಂದು ತೋರಿಸಿದ್ದರು. ಮೊಟ್ಟೆಯ ನೆರವಿಲ್ಲದೆ ಹಾಗೆ ಮರಳಿಸಬಹುದೇ? ಯಮನಾಕ ಮತ್ತು ಅವರ ಸಹಾಯಕ ಕಜುತೋಶಿ ತಕಹಾಶಿ 24 ವಂಶವಾಹಿಗಳನ್ನು ಆರಿಸಿಕೊಂಡು ಇಲಿಯ ಚರ್ಮದ ಕೋಶಕ್ಕೆ ಸೇರಿಸಿದರು. ಬಳಿಕ ಒಂದೊಂದನ್ನೇ ಬಿಡುತ್ತ ಹೋದಾಗ ಕಡೆಗೆ ನಾಲ್ಕು ಸಾಕೆಂದು ಗೊತ್ತಾಯಿತು. ಆ ನಾಲ್ಕರಿಂದ ಚರ್ಮದ ಕೋಶ ಆಕರಕೋಶವಾಗಿ ಹಿಂದಿರುಗಿತು. ಇದು 2006ರಲ್ಲಿ. 2007ರ ನವೆಂಬರಿನಲ್ಲಿ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. ಅದೇ ದಿನಗಳಲ್ಲಿ ಅದೇ ಫಲಿತಾಂಶವನ್ನು ಪ್ರಕಟಿಸಿದ ಇನ್ನೊಬ್ಬರು ಯಾರೆಂದುಕೊಂಡಿರಿ? ಭ್ರೂಣದ ದಾರಿಯನ್ನು ತೆರೆದಿದ್ದ ಜೇಮ್ಸ್ ಥಾಮ್ಸನ್! ಗರ್ಡನ್ ಮತ್ತು ಯಮನಾಕರಿಗೆ 2012ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

2008ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ಬೋಧನಾಪತ್ರದಲ್ಲಿ ಧರ್ಮಸಭೆ ಮತ್ತೊಮ್ಮೆ ವಿವರಿಸಿತು: ಯಾರಿಂದ ಕೋಶ ಪಡೆಯುತ್ತೇವೋ ಅವರಿಗೆ ಗಂಭೀರ ಹಾನಿಯಾಗದಿದ್ದರೆ ಆ ವಿಧಾನ ನ್ಯಾಯವಾದುದು, ಜೀವಂತ ಭ್ರೂಣದಿಂದ ತೆಗೆಯುವುದು ನ್ಯಾಯವಲ್ಲ. ಆದರೂ, ಪ್ರಿಯ ಓದುಗರೇ, ನಾವೇ ಗೆದ್ದೆವೆಂದು ಬೀಗುವುದು ಪ್ರಾಮಾಣಿಕತೆಯಲ್ಲ. ಯಮನಾಕ ಆರಿಸಿದ ವಂಶವಾಹಿಗಳು ಯಾವುವೆಂಬ ಅರಿವು ಬಹುಮಟ್ಟಿಗೆ ಬಂದದ್ದು ಇಲಿಯ ಭ್ರೂಣದ ಆಕರಕೋಶಗಳ ಅಧ್ಯಯನದಿಂದ. ಮನುಷ್ಯನಲ್ಲಿ ದೊರೆತ ಫಲಿತಾಂಶವನ್ನು ಮಾನವ ಭ್ರೂಣದ ಕೋಶಗಳೊಡನೆ ಹೋಲಿಸಿಯೇ ಖಚಿತಪಡಿಸಿಕೊಂಡರು. ಚರಿತ್ರೆಯ ದಾರಿ ನಾವು ಬಯಸುವಷ್ಟು ನಿರ್ಮಲವಾಗಿರುವುದಿಲ್ಲ. ಅದನ್ನು ಮುಚ್ಚಿಡದೆಯೂ, ಒಬ್ಬ ತಂದೆಯ ಮನಸ್ಸಾಕ್ಷಿ ವಿಜ್ಞಾನದ ದಿಕ್ಕನ್ನು ಬದಲಿಸಿತು ಎಂದು ನಾವು ಕೃತಜ್ಞತೆಯಿಂದ ನೆನೆಯಬಹುದು.

ಆಕರಕೋಶದಿಂದ ಸ್ನಾಯುವಿಗೆ

2008ರಲ್ಲಿ ಹಾರ್ವರ್ಡ್‌ನ ಜಾರ್ಜ್ ಡೇಲಿ ತಂಡದವರು ಹಲವು ರೋಗಿಗಳ ಕೋಶಗಳಿಂದ ಇಂಥ ಆಕರಕೋಶಗಳನ್ನು ತಯಾರಿಸಿದರು. ಅವರಲ್ಲಿ ಡುಶೆನ್ ಸ್ನಾಯುಕ್ಷಯದ ರೋಗಿಯೂ ಇದ್ದನು. ಆದರೆ ಆಕರಕೋಶವನ್ನು ಸ್ನಾಯುವಾಗಿಸುವುದು ಬಹಳ ಕಷ್ಟವಾಯಿತು. ಹೃದಯದ ಕೋಶ, ನರದ ಕೋಶ ಬೇಗ ಒಲಿದವು. ಕೈಕಾಲು ಆಡಿಸುವ ಸ್ನಾಯು ಹಟ ಹಿಡಿಯಿತು.

ಎರಡು ದಾರಿಗಳು ಮೂಡಿದವು. ಒಂದು, ವೈನ್‌ಟ್ರಾಬ್ ಕೊಟ್ಟ ಕೀಲಿ. ಆಕರಕೋಶದೊಳಗೆ ಮಯೋಡಿ ವಂಶವಾಹಿಯನ್ನು ಚುರುಕುಗೊಳಿಸಿ ನೇರವಾಗಿ ಸ್ನಾಯುವಾಗಿಸುವುದು. ಕ್ಯೋಟೋದ ಸಂಶೋಧಕರು 2013ರಲ್ಲಿ ಇದನ್ನು ಚೆನ್ನಾಗಿ ಪಳಗಿಸಿದರು. ಇದು ಬೇಗನೆ ಮುಗಿಯುವ ದಾರಿ. ಆದರೆ ನಡುವಿನ ಮೆಟ್ಟಿಲುಗಳನ್ನು ಹಾರಿ ಹೋಗುತ್ತದೆ.

ಇನ್ನೊಂದು, ತಾಯಿಯ ಗರ್ಭದಲ್ಲಿ ಸ್ನಾಯು ಮೂಡುವ ಕ್ರಮವನ್ನೇ ಅನುಸರಿಸುವುದು. ಫ್ರಾನ್ಸಿನ ಒಲಿವಿಯೆ ಪೂರ್ಕಿಯೆ ಮೊದಲು ಅಭ್ಯಸಿಸಿದ್ದು ಕೋಳಿಮೊಟ್ಟೆಯೊಳಗಿನ ಭ್ರೂಣವನ್ನು. ಅದರ ಬೆನ್ನಿನುದ್ದಕ್ಕೂ ಸುಮಾರು 90 ನಿಮಿಷಕ್ಕೊಂದರಂತೆ ಜೋಡಿಜೋಡಿಯಾಗಿ ಪುಟ್ಟ ಗಂಟುಗಳು ಮೂಡುತ್ತವೆ. ಮೈಯ ಸ್ನಾಯುಗಳು ಹುಟ್ಟುವುದು ಈ ಗಂಟುಗಳಿಂದ. ಅವು ಮೂಡುವ ಲಯವನ್ನು ಕಾಯುವ ಗಡಿಯಾರದಂಥ ವ್ಯವಸ್ಥೆಯನ್ನು ಅವರ ತಂಡ 1997ರಲ್ಲಿ ತೋರಿಸಿತು. ಕೋಳಿಮೊಟ್ಟೆಯಲ್ಲಿ ಕಲಿತ ಪಾಠವನ್ನೇ ಅವರು ಮನುಷ್ಯನ ಆಕರಕೋಶಗಳಿಗೆ ಅನ್ವಯಿಸಿದರು. ಗರ್ಭದಲ್ಲಿ ಯಾವ ಸಂಕೇತ ಯಾವಾಗ ಬರುತ್ತದೋ ಅದನ್ನೇ ತಟ್ಟೆಯಲ್ಲಿ, ಅದೇ ಅನುಕ್ರಮದಲ್ಲಿ, ರಾಸಾಯನಿಕಗಳ ಮೂಲಕ ಕೊಟ್ಟರು. ಒಂದು ಸಂಕೇತವನ್ನು ಎಬ್ಬಿಸಬೇಕು, ಇನ್ನೊಂದನ್ನು ತಡೆಹಿಡಿಯಬೇಕು, ಬಳಿಕ ಬೆಳವಣಿಗೆಗೆ ಬೇಕಾದ ಪೋಷಕಗಳನ್ನು ನೀಡಿ ಕಾಯಬೇಕು. ಸುಮಾರು ಒಂದು ತಿಂಗಳಿಗೆ ತಟ್ಟೆಯಲ್ಲಿ ಪಟ್ಟೆಪಟ್ಟೆಯಾದ ಉದ್ದನೆಯ ಸ್ನಾಯುವಿನ ಎಳೆಗಳು ಮೂಡಿದವು. ಪಕ್ಕದಲ್ಲಿ ಉಪಗ್ರಹ ಕೋಶಗಳನ್ನು ಹೋಲುವ ಕೋಶಗಳೂ ಕಂಡವು. ಈ ವಿಧಾನ 2015ರಲ್ಲಿ ಪ್ರಕಟವಾಯಿತು.

ಅದೇ 2015ರ ಜನವರಿಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ನೆನಾದ್ ಬುರ್ಸಾಕ್ ತಂಡ, ದಾನಿಗಳಿಂದ ಪಡೆದ ಸ್ನಾಯುಕೋಶಗಳಿಂದ ಪ್ರಯೋಗಶಾಲೆಯಲ್ಲಿ ಮಾನವ ಸ್ನಾಯುವಿನ ಸಣ್ಣ ಕಟ್ಟೊಂದನ್ನು ಬೆಳೆಸಿತು. 2018ರಲ್ಲಿ ಚರ್ಮ ಮುಂತಾದ ಕೋಶಗಳಿಂದ ಮರಳಿಸಿದ ಆಕರಕೋಶಗಳಿಂದಲೂ ಅಂಥ ಸ್ನಾಯುವನ್ನು ಕಟ್ಟಿತು. ವಿದ್ಯುತ್ತಿನ ಸ್ಪರ್ಶ ಕೊಟ್ಟಾಗ ಅದು ಸಂಕುಚಿಸಿತು, ಮಿಡಿಯಿತು! ಸಣ್ಣ ಯಂತ್ರದೊಂದಿಗೆ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಅಲೆಯುತ್ತಿದ್ದ ಡುಶೆನ್ ಈ ದೃಶ್ಯವನ್ನು ಕಂಡಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದರು. ಅವರು ಮಕ್ಕಳ ಮೈಮೇಲೆ ಕೇಳುತ್ತಿದ್ದ ಪ್ರಶ್ನೆಯನ್ನೇ ಇಂದು ಯಾವ ಮಗುವಿಗೂ ನೋವಾಗದಂತೆ ಕೇಳಲಾಗುತ್ತಿದೆ.

ಆ ಸ್ನಾಯು ಹೇಳಿದ್ದು, ಹೇಳದಿರುವುದು

ಡುಶೆನ್ ರೋಗಿಗಳ ಕೋಶಗಳಿಂದ ಬೆಳೆಸಿದ ಸ್ನಾಯುವಿನಲ್ಲಿ ಡಿಸ್ಟ್ರೋಫಿನ್ ಕಾಣಲಿಲ್ಲ. ವಿದ್ಯುತ್ತಿನಿಂದ ಕೆಲಸ ಮಾಡಿಸಿದಾಗ ಅದರೊಳಗೆ ಕ್ಯಾಲ್ಸಿಯಂ ಅತಿಯಾಗಿ ನುಗ್ಗುವುದನ್ನು ಕ್ಯೋಟೋದ ಸಂಶೋಧಕರು ಕಂಡರು. ಕೊಬ್ಬು, ನಾರು, ಉರಿಯೂತ ಇವೆಲ್ಲ ಬಂದು ಸೇರುವ ಮೊದಲೇ, ರೋಗದ ಮೊದಲ ಹೆಜ್ಜೆಯನ್ನೇ ಹೀಗೆ ನೋಡಲು ಸಾಧ್ಯವಾಯಿತು. 2015ರ ಹೊತ್ತಿಗೆ ಅದೇ ಕ್ಯೋಟೋದಲ್ಲಿ, ರೋಗಿಯ ಆಕರಕೋಶದ ವಂಶವಾಹಿಯನ್ನು ಸೂಕ್ಷ್ಮ ಕತ್ತರಿಯಂಥ ತಂತ್ರದಿಂದ ತಿದ್ದಿ, ಬಳಿಕ ಸ್ನಾಯುವಾಗಿ ಬೆಳೆಸಿದಾಗ ಡಿಸ್ಟ್ರೋಫಿನ್ ಮರಳಿ ಮೂಡಿತು. ಯಾವ ತಿದ್ದುಪಡಿ ಸರಿ, ಯಾವ ಔಷಧ ಹಾನಿಕರ ಎಂಬುದನ್ನು ಮೊದಲು ತಟ್ಟೆಯಲ್ಲೇ ನೋಡಿಕೊಳ್ಳಬಹುದೆಂಬುದು ಇದರ ಲಾಭ. ಅದು ಎಷ್ಟು ಮುಖ್ಯವೆಂದರೆ, ಅಮೆರಿಕದಲ್ಲಿ 2023ರಲ್ಲಿ ಈ ರೋಗಕ್ಕೆ ವಂಶವಾಹಿ ಚಿಕಿತ್ಸೆಯೊಂದು ಒಪ್ಪಿಗೆ ಪಡೆದ ಬಳಿಕ, ಅದನ್ನು ಪಡೆದಿದ್ದ ಇಬ್ಬರು ರೋಗಿಗಳು ಯಕೃತ್ತು ವಿಫಲವಾಗಿ ತೀರಿಕೊಂಡ ವರದಿ 2025ರಲ್ಲಿ ಬಂತು. ಆತುರಕ್ಕೆ ತೆರುವ ಬೆಲೆ ಮಕ್ಕಳ ಪ್ರಾಣವಾಗಬಾರದು.

ಆದರೆ ತಟ್ಟೆಯ ಸ್ನಾಯು ಇನ್ನೂ ಶಿಶುವಿನ ಸ್ನಾಯುವಿನಂತೆ ಎಳೆಯದು. ಅದಕ್ಕೆ ರಕ್ತನಾಳಗಳಿಲ್ಲ, ಮೆದುಳಿನ ಆಜ್ಞೆ ತರುವ ನರಗಳಿಲ್ಲ. ಕೆಲವು ಮಿಲಿಮೀಟರುಗಳ ಆ ಎಳೆಯನ್ನು ಹುಡುಗನ ತೊಡೆಗೆ ಹೊಲಿದು ನಡೆಸಲಾಗದು. ಅದು ಔಷಧವಲ್ಲ, ರೋಗದ ಬಗ್ಗೆ ಸಾಕ್ಷಿ ಹೇಳುವ ಸಾಕ್ಷಿದಾರ. ಸಾಕ್ಷಿಯನ್ನೇ ತೀರ್ಪೆಂದು ಮಾರುವವರ ಬಗ್ಗೆ ಎಚ್ಚರವಿರಲಿ.

ಆ ಎರಡು ಎಕರೆ

ಎರಡು ವಾರಗಳ ಬಳಿಕ ನಾನು ಮತ್ತೆ ಆ ಮನೆಗೆ ಹೋದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ವಿಷಯ ತಿಳಿಸಿದೆ. ರಕ್ತಸಂಬಂಧಿ ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಕಸಿಯನ್ನು ಬಿಟ್ಟರೆ, ಆಕರಕೋಶಗಳನ್ನು ರೋಗಿಗೆ ನೀಡುವುದು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕು, ಪ್ರಯೋಗಕ್ಕೆ ಒಳಗಾಗುವವರಿಂದ ಅದಕ್ಕೆ ಹಣ ಪಡೆಯುವಂತಿಲ್ಲ ಎಂಬುದು ಅದರ ತಿರುಳು. ಸರಳವಾಗಿ ನೆನಪಿಡುವುದಾದರೆ ಇಷ್ಟು: ಸಂಶೋಧನೆಯಾದರೆ ನಿಮ್ಮ ಒಪ್ಪಿಗೆ ಕೇಳುತ್ತಾರೆ, ಹಣ ಕೇಳುವುದಿಲ್ಲ. ಹಣ ಕೇಳಿದರೆ, “ಇದಕ್ಕೆ ಯಾರ ಅನುಮತಿಯಿದೆ?” ಎಂದು ನೀವು ಕೇಳಬೇಕು.

“ಹೊಲ ಮಾರಬೇಡಿ” ಎಂದೆ. ತಂದೆ ಬಹಳ ಹೊತ್ತು ಮಾತಾಡಲಿಲ್ಲ. “ಹಾಗಾದ್ರೆ ನಾನು ಮಾಡೋದೇನೂ ಇಲ್ವಾ ಫಾದರ್?” ಎಂದರು. ಇಷ್ಟು ವರ್ಷಗಳ ಗುರುಸೇವೆಯಲ್ಲಿ ನನ್ನನ್ನು ಇಷ್ಟು ಚುಚ್ಚಿದ ಪ್ರಶ್ನೆ ಇನ್ನೊಂದಿಲ್ಲ. ಮಗನಿಗಾಗಿ ಏನನ್ನಾದರೂ ಕಳೆದುಕೊಳ್ಳುವ ಅವಕಾಶವನ್ನೇ ನಾನು ಅವರಿಂದ ಕಿತ್ತುಕೊಂಡಂತಿತ್ತು.

ಮಾಡುವುದಿತ್ತು. ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ ವಂಶವಾಹಿ ಪರೀಕ್ಷೆ ಮಾಡಿಸಿದರು. ಸ್ಟೀರಾಯ್ಡ್ ಮಾತ್ರೆ, ಕಾಲಿನ ಕೀಲುಗಳು ಬಿಗಿಯದಂತೆ ದಿನವೂ ವ್ಯಾಯಾಮ, ಹೃದಯ ಮತ್ತು ಶ್ವಾಸದ ಕಾಲಕಾಲದ ತಪಾಸಣೆ ಆರಂಭವಾದವು. ಇವು ರೋಗವನ್ನು ಗುಣಪಡಿಸುವುದಿಲ್ಲ. ಆದರೆ ಹಿಂದೆ ಹದಿಹರೆಯದ ಕೊನೆಯಲ್ಲೇ ಮುಗಿದುಹೋಗುತ್ತಿದ್ದ ಬದುಕು, ಇಂಥ ಆರೈಕೆಯಿಂದ ಈಗ ಮೂವತ್ತರವರೆಗೂ ಅದರಾಚೆಗೂ ಸಾಗುವುದುಂಟು. ತಾಯಿಯ ಪರೀಕ್ಷೆಯೂ ಆಯಿತು. ದೋಷ ಅವರಲ್ಲಿರಲಿಲ್ಲ. ಆ ವರದಿಯನ್ನು ಅತ್ತೆಯ ಮುಂದೆ ಓದಿ ಹೇಳಿ ಎಂದು ಆಕೆ ನನ್ನನ್ನೇ ಕೇಳಿಕೊಂಡರು. ಓದಿ ಹೇಳಿದೆ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ತೆಗೆದ ರಕ್ತದ ಸ್ವಲ್ಪ ಭಾಗವನ್ನು ಸಂಶೋಧನೆಗೆ ಬಳಸಿಕೊಳ್ಳಬಹುದೇ ಎಂದು ಒಪ್ಪಿಗೆಪತ್ರ ಮುಂದಿಟ್ಟಾಗ ತಂದೆ ಸಹಿ ಹಾಕಿದರು. “ಕೊಡೋಕೆ ನನ್ನ ಮಗನ ಹತ್ರಾನೂ ಏನೋ ಇದೆ ಅಂತಾಯ್ತು” ಎಂದರಂತೆ.

ಹುಡುಗನಿಗೆ ಈಗ ಹದಿಮೂರು. ಕಳೆದ ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾನೆ. ಮೊನ್ನೆ ಆ ಧರ್ಮಕೇಂದ್ರಕ್ಕೆ ಹೋಗಿದ್ದೆ. ದೇವಾಲಯದ ಮೂರು ಮೆಟ್ಟಿಲುಗಳ ಪಕ್ಕದಲ್ಲಿ ಯುವಕರು ಸಿಮೆಂಟಿನ ಇಳಿಜಾರು ಕಟ್ಟಿದ್ದಾರೆ. ಬಲಿಪೂಜೆ ಮುಗಿದ ಮೇಲೆ ಅವನು ತಾನೇ ಕುರ್ಚಿಯನ್ನು ಹೊರಳಿಸಿಕೊಂಡು ಅದರಲ್ಲಿ ಇಳಿದು ಬಂದು, “ಫಾದರ್, ಅವರು ತಗೊಂಡ ನನ್ನ ರಕ್ತದಲ್ಲಿ ಏನಾದ್ರೂ ಗೊತ್ತಾಯ್ತಾ?” ಎಂದು ಕೇಳಿದ. ಇನ್ನೂ ಹುಡುಕುತ್ತಿದ್ದಾರೆ ಎಂದೆ. “ಹುಡುಕ್ಲಿ” ಎಂದು ನಕ್ಕ.

ನಿಮ್ಮ ಧರ್ಮಕೇಂದ್ರದಲ್ಲಿಯೂ ಇಂಥ ಮನೆಯೊಂದಿರಬಹುದು. ಹೊಲ ಮಾರುವ ಮಾತು ಅಲ್ಲಿ ಬರುವ ಮುನ್ನವೇ ನೀವೊಮ್ಮೆ ಹೋಗಿಬನ್ನಿ.